ಇಜ್ರೇಲಿನ ಹಿರಿಯರಿಗೆ ಬಂದ ಪತ್ರ

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಾಫಿ ಗಿಡ, ಆಮೇಲೆ ವಾಸಂತಿಕಾ ದೇವಿಯ ಗುಡಿ, ಹುಡುಕಿಕೊಂಡು ಹೋದರೆ ಹಳೆಯ ಬಸದಿಗಳು. ಶಾಸನಗಳಲ್ಲಿ ಬರುವ ಸೊಸೆವೂರು ಇದೇ. ಸಳ ಹುಲಿಗೆ ಎದುರು ನಿಂತ ಕಥೆ ನಡೆದದ್ದು ಇಲ್ಲಿ ಎನ್ನುತ್ತಾರೆ. ಮಲೆಯ ಸಣ್ಣ ನಾಯಕರಾಗಿದ್ದ ಹೊಯ್ಸಳರು ಬೇಲೂರಿಗೂ ದ್ವಾರಸಮುದ್ರಕ್ಕೂ ಇಳಿದು ದೊಡ್ಡ ಅರಸರಾದರು. ಆದರೂ ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಕೊನೆಯವರೆಗೂ ಬಿಡಲಿಲ್ಲ. ಅತ್ತ ಕಳಸದ ಕಡೆ ಭೈರರಸರು. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಈ ಜೈನ ಮನೆತನ ಘಟ್ಟದ ಮೇಲೆ ಕಳಸೇಶ್ವರನಿಗೂ ನಡೆದುಕೊಂಡಿತು. ಅರಸರೆಂದರೆ ಏನು ಎಂದು ಈ ಗುಡ್ಡಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಅರಸರು ಬರೆಸಿದ ದತ್ತಿ ಶಾಸನಕ್ಕೆ ಒಂದು ಕ್ರಮ ಉಂಟು. ದೇವರ ಸ್ತುತಿ, ವಂಶದ ವರ್ಣನೆ, ಅರಸನ ಬಿರುದುಗಳ ಉದ್ದನೆಯ ಸಾಲು. ಆಮೇಲೆ ಕೊಟ್ಟ ಭೂಮಿ, ಅದರ ನಾಲ್ಕು ಗಡಿ. ಕಟ್ಟಕಡೆಗೆ ಶಾಪ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಈ ನೆಲವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂಬ ಅರ್ಥದ ಮಾತು. ನನಗೆ ಯಾವಾಗಲೂ ಕುತೂಹಲ ಹುಟ್ಟಿಸುವುದು ಈ ಕೊನೆಯ ಭಾಗವೇ. ಮೇಲೆ ಅಷ್ಟೊಂದು ಹೊಗಳಿಸಿಕೊಂಡ ಅರಸನಿಗೂ ಮುಂದೆ ಬರುವ ಅರಸನ ಮೇಲೆ ನಂಬಿಕೆ ಇರಲಿಲ್ಲ. ‘ತಾನು ಕೊಟ್ಟದ್ದಾಗಲಿ’ ಎಂದು ಸೇರಿಸಿದ್ದನ್ನು ನೋಡಿದರೆ ತನ್ನ ಮೇಲೂ ಪೂರ್ತಿ ನಂಬಿಕೆ ಇದ್ದಂತೆ ಕಾಣುವುದಿಲ್ಲ.

ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 6ನೇ ಸಂಪುಟವಾಗಿ ಹೊರತಂದರು. ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. 1837ರಿಂದ ಅರ್ಧ ಶತಮಾನ ಬೆಂಗಳೂರಿನಲ್ಲಿ ಬಾಳಿ, ಕನ್ನಡ ಬೈಬಲಿನ ಪರಿಷ್ಕರಣೆಗೆ ಹೆಗಲು ಕೊಟ್ಟವರು. ಹೀಗೆ ಒಂದೇ ಮನೆತನದಲ್ಲಿ ತಂದೆಯ ಪಾಲಿಗೆ ದಾವೀದ, ಅಹಾಬ, ಹಿಜ್ಕೀಯರೂ ಮಗನ ಪಾಲಿಗೆ ವಿನಯಾದಿತ್ಯ, ವಿಷ್ಣುವರ್ಧನ, ಬಲ್ಲಾಳರೂ ಬಂದರು. ಇಬ್ಬರೂ ಕನ್ನಡದಲ್ಲಿ ಅರಸರನ್ನೇ ಓದುತ್ತಿದ್ದರು. ಆದರೆ ಮಗ ಓದುತ್ತಿದ್ದದ್ದು ಅರಸರು ಬರೆಸಿದ್ದು, ತಂದೆ ಓದುತ್ತಿದ್ದದ್ದು ಅರಸರು ಬರೆಸಲು ಒಪ್ಪುತ್ತಿರಲಿಲ್ಲವೇನೋ ಎಂಬಂಥದ್ದು.

ಬೈಬಲಿನ ‘ಅರಸುಗಳು’ ಭಾಗವನ್ನು ತೆರೆದವರಿಗೆ ಈ ವ್ಯತ್ಯಾಸ ಎರಡನೇ ಪುಟಕ್ಕೇ ಗೊತ್ತಾಗುತ್ತದೆ. ಸೌಲ, ದಾವೀದ, ಸೊಲೊಮೋನರ ಕಾಲ ಕಳೆದು ರಾಜ್ಯ ಎರಡಾಯಿತು. ಉತ್ತರದ ಇಸ್ರಾಯೇಲು ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರ ಪಾಲಾಯಿತು, ದಕ್ಷಿಣದ ಯೆಹೂದ ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿಯದವರಿಗೆ ಬಿತ್ತು. ನಾಡು ಕಳೆದುಕೊಂಡವರು ತಮ್ಮ ಅರಸರ ಕಥೆಯನ್ನು ಕೂತು ಬರೆದಾಗ, ಹೆಚ್ಚುಕಡಿಮೆ ಒಬ್ಬೊಬ್ಬರಿಗೂ ಒಂದೊಂದು ಸಾಲಿನ ತೀರ್ಪು ಕೊಟ್ಟರು. ಹೆಚ್ಚಿನವರಿಗೆ ಬಂದದ್ದು ಕೆಟ್ಟವನೆಂಬ ತೀರ್ಪು.

ಉತ್ತರದ ಅರಸ ಒಮ್ರಿಯನ್ನೇ ನೋಡಿ. ಸಮಾರ್ಯ ಪಟ್ಟಣವನ್ನು ಕಟ್ಟಿಸಿದವನು, ಮೋವಾಬನ್ನು ಗೆದ್ದವನು. 1868ರಲ್ಲಿ ಧಿಬಾನ್ ಎಂಬಲ್ಲಿ ಸಿಕ್ಕಿದ ಮೋವಾಬ್ ಅರಸ ಮೇಷನ ಕಲ್ಲುಶಾಸನದಲ್ಲಿ ಅವನ ಹೆಸರಿದೆ. ಅವನು ಸತ್ತು ನೂರು ವರ್ಷ ಕಳೆದರೂ ಅಶ್ಶೂರರು ಆ ನಾಡನ್ನು ಒಮ್ರಿಯ ಮನೆ ಎಂದೇ ಕರೆಯುತ್ತಿದ್ದರು. ಬೈಬಲ್ ಅವನಿಗೆ ಕೊಟ್ಟದ್ದು ಆರು ವಚನ. ಅವನ ಮಗ ಅಹಾಬ ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ಅಶ್ಶೂರರ ಎದುರು ನಿಂತ ಮೈತ್ರಿಕೂಟದಲ್ಲಿದ್ದ. ಎರಡು ಸಾವಿರ ರಥ, ಹತ್ತು ಸಾವಿರ ಕಾಲಾಳು ತಂದಿದ್ದ ಎಂದು ಶತ್ರುವಿನ ಶಾಸನವೇ ಹೇಳುತ್ತದೆ. ಇಂಥ ಸುದ್ದಿ ನಮ್ಮ ಶಾಸನಕವಿಗಳಿಗೆ ಸಿಕ್ಕಿದ್ದರೆ ನೂರು ಪದ್ಯವಾದರೂ ಆಗುತ್ತಿತ್ತು. ಬೈಬಲಿನಲ್ಲಿ ಆ ಯುದ್ಧದ ಒಂದು ಅಕ್ಷರವೂ ಇಲ್ಲ. ಅಹಾಬ ಕಟ್ಟಿಸಿದ ದಂತದ ಅರಮನೆಯ, ಪಟ್ಟಣಗಳ ವಿವರ ಬೇಕಾದವರು ಅರಮನೆಯ ವೃತ್ತಾಂತ ಗ್ರಂಥದಲ್ಲಿ ನೋಡಿಕೊಳ್ಳಿ ಎಂದು ಬರೆದವನು ಮುಂದೆ ಹೋಗಿಬಿಡುತ್ತಾನೆ. ಅದೇ ಗ್ರಂಥ ಅಹಾಬನ ಆಳ್ವಿಕೆಯಲ್ಲಿ ಒಂದು ಪೂರ್ತಿ ಅಧ್ಯಾಯ ಕೊಟ್ಟ ಘಟನೆಗಳಲ್ಲಿ ಒಂದು ಯಾವುದು ಗೊತ್ತೇ? ಪಕ್ಕದವನೊಬ್ಬನ ದ್ರಾಕ್ಷಿತೋಟ.

ಆ ಕಥೆಯನ್ನು ತೋಟದವರು ಓದಿದರೆ ಬೇರೆಯವರಿಗೆ ಕಾಣದ ಕೆಲವು ಸಂಗತಿ ಕಾಣುತ್ತವೆ. ಇಜ್ರೇಲಿನಲ್ಲಿ ಅರಮನೆಗೆ ಹೊಂದಿಕೊಂಡಂತೆ ನಾಬೋತನ ದ್ರಾಕ್ಷಿತೋಟ ಇತ್ತು. ಅಹಾಬನಿಗೆ ಅದು ಬೇಕಾದದ್ದು ತರಕಾರಿ ಬೆಳೆಯಲು. ಫಲಕ್ಕೆ ಬಂದ ಬಳ್ಳಿ ಕಿತ್ತು ಸೊಪ್ಪು ಹಾಕುವುದಂತೆ! ಆದರೆ ಅವನು ಕೇಳಿದ ರೀತಿಯಲ್ಲಿ ತಪ್ಪಿಲ್ಲ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ಬೆಲೆ ಕೊಡುತ್ತೇನೆ ಎಂದ. ಇವತ್ತಿನ ಲೆಕ್ಕದಲ್ಲೂ ನ್ಯಾಯದ ಮಾತೇ. ನಾಬೋತ ಒಪ್ಪಲಿಲ್ಲ, ಅದು ಹಿರಿಯರಿಂದ ಬಂದ ಪಾಲು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ನೆಲ ದೇವರದು, ಮನೆತನಗಳು ಒಕ್ಕಲು ಮಾತ್ರ, ಶಾಶ್ವತವಾಗಿ ಮಾರುವಂತಿಲ್ಲ. ಅಹಾಬ ಹೋಗಿ ಮುಖ ತಿರುಗಿಸಿಕೊಂಡು ಮಲಗಿಬಿಟ್ಟ, ಊಟ ಬಿಟ್ಟ. ರಾಣಿ ಈಜೆಬೆಲ್ ಅವನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆ ಒತ್ತಿ, ಇಜ್ರೇಲಿನ ಹಿರಿಯರಿಗೂ ಪ್ರಮುಖರಿಗೂ ಕಳಿಸಿದಳು. ಉಪವಾಸದ ದಿನ ಸಾರಿರಿ, ಸಭೆಯಲ್ಲಿ ನಾಬೋತನಿಗೆ ಮುಂದಿನ ಸ್ಥಾನ ಕೊಡಿರಿ, ದೇವರನ್ನೂ ಅರಸನನ್ನೂ ದೂಷಿಸಿದನೆಂದು ಹೇಳಲು ಇಬ್ಬರನ್ನು ನಿಲ್ಲಿಸಿರಿ, ಊರ ಹೊರಗೆ ಒಯ್ದು ಕಲ್ಲೆಸೆಯಿರಿ. ಹಾಗೇ ಆಯಿತು. ಸಾಕ್ಷಿ ಎರಡಿರಬೇಕು ಎಂಬುದು ಶಾಸ್ತ್ರ, ಎರಡಿತ್ತು. ಶಿಕ್ಷೆ ಊರ ಹೊರಗೆ ಆಗಬೇಕು, ಅಲ್ಲೇ ಆಯಿತು. ಕಾಗದಪತ್ರದಲ್ಲಿ ಒಂದು ಕೊರತೆಯನ್ನೂ ತೋರಿಸಲಾಗದು.

ಈ ಅಧ್ಯಾಯದ ಬಗ್ಗೆ ಕೇಳಿಬರುವ ಪ್ರಸಂಗಗಳು ಸಾಮಾನ್ಯವಾಗಿ ಅಹಾಬನ ದುರಾಸೆ, ಈಜೆಬೆಲಳ ಕುಟಿಲತೆ, ಅರಸನನ್ನು ಎದುರಿಸಿ ಖಂಡಿಸಿದ ಪ್ರವಾದಿ ಎಲೀಯನ ಧೈರ್ಯ ಇಷ್ಟರಲ್ಲಿ ಮುಗಿಯುತ್ತವೆ. ದುರಾಸೆ ಪಡಬೇಡಿ ಎನ್ನುತ್ತಾರೆ, ಜನ ತಲೆಯಾಡಿಸುತ್ತಾರೆ. ಯಾರೂ ಅರಸರಲ್ಲವಾದ್ದರಿಂದ ತಲೆಯಾಡಿಸಲು ಖರ್ಚಿಲ್ಲ. ನನಗೆ ತೋರುವ ಮಟ್ಟಿಗೆ ಈ ಕಥೆಯ ಮೊನೆ ಇರುವುದು ಆ ಹಿರಿಯರಲ್ಲಿ. ಅವರು ನಾಬೋತನ ಊರಿನವರೇ. ಅವನನ್ನು ಹುಟ್ಟಿನಿಂದ ಬಲ್ಲವರು. ಪತ್ರ ಬಂದಾಗ ಒಬ್ಬನಾದರೂ ತಡೆದು ಕೇಳಿದ ಎಂದು ಗ್ರಂಥ ಹೇಳುವುದಿಲ್ಲ. ಕೆಲಸ ಮುಗಿದ ಮೇಲೆ ಉತ್ತರ ಕಳಿಸಿದ್ದು ಅರಸನಿಗಲ್ಲ, ರಾಣಿಗೆ. ಅಂದರೆ ಮುದ್ರೆ ಯಾರದ್ದಾದರೂ ಪತ್ರ ಯಾರದೆಂದು ಅವರಿಗೆ ಗೊತ್ತಿತ್ತು. ಹೀಬ್ರೂ ಅರಸರ ಕಥೆಯಿಂದ ಕ್ರೈಸ್ತ ವಿಶ್ವಾಸಿಗೆ ಪಾಠ ಸಿಗುವುದಾದರೆ, ಸಿಂಹಾಸನದ ಮೇಲಿದ್ದವರಿಗಿಂತ ಹೆಚ್ಚಾಗಿ, ಸಿಂಹಾಸನದಿಂದ ಬಂದ ಪತ್ರ ಕೈಯಲ್ಲಿ ಹಿಡಿದು ನಿಂತವರಿಂದ ಸಿಗಬೇಕು.

ಒಮ್ಮೆ ಹೀಗೆ ನೋಡಲು ಹೊರಟರೆ ಅರಸರ ಕಥೆಯ ತುಂಬ ಪತ್ರಗಳೇ. ದಾವೀದ ಬತ್ಷೆಬೆಯ ವಿಷಯ ಮುಚ್ಚಿಹಾಕಲು ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಬಿಟ್ಟು ಹಿಂದೆ ಸರಿಯುವಂತೆ ಸೇನಾಪತಿ ಯೋವಾಬನಿಗೆ ಬರೆದ. ಆ ಪತ್ರವನ್ನು ಒಯ್ದವನು ಊರೀಯನೇ. ಯೋವಾಬ ಓದಿದ, ಮಾಡಿದ. ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯ ಕಥೆ ಹೇಳಿ ದಾವೀದನನ್ನು ಮಣಿಸಿದ್ದು ಎಲ್ಲರಿಗೂ ಗೊತ್ತು. ದಾವೀದನ ಪಶ್ಚಾತ್ತಾಪದ ಹೆಸರಿನಲ್ಲಿ ಒಂದು ಕೀರ್ತನೆಯನ್ನು ಚರ್ಚು ಪ್ರತಿ ಶುಕ್ರವಾರ ಬೆಳಿಗ್ಗೆ ಪ್ರಾರ್ಥಿಸುತ್ತದೆ. ಯೋವಾಬನ ಪಶ್ಚಾತ್ತಾಪದ ಕೀರ್ತನೆ ಎಂಬುದಿಲ್ಲ. ಆಜ್ಞೆ ಪಾಲಿಸಿದವನಿಗೆ ಪಾಪದ ಅರಿವೂ ಹುಟ್ಟುವುದಿಲ್ಲವೇನೋ.

ಮೂರನೆಯ ಪತ್ರ ಅಹಾಬನ ಮನೆಯ ಮೇಲೇ ಬಂತು. ಸೇನಾಧಿಕಾರಿ ಯೇಹು ದಂಗೆಯೆದ್ದು ಅಹಾಬನ ಮಗ ಯೋರಾಮನನ್ನು ಕೊಂದು ಹೆಣವನ್ನು ನಾಬೋತನ ಹೊಲಕ್ಕೆ ಎಸೆಸಿದ. ಆಮೇಲೆ ಸಮಾರ್ಯದಲ್ಲಿದ್ದ ಹಿರಿಯರಿಗೂ ರಾಜಕುಮಾರರ ಪೋಷಕರಿಗೂ ಪತ್ರ ಬರೆದ: ನನ್ನ ಕಡೆಯವರಾದರೆ ಅಹಾಬನ ಮಕ್ಕಳ ತಲೆ ಕಳಿಸಿ. ಎಪ್ಪತ್ತು ತಲೆ ಬುಟ್ಟಿಯಲ್ಲಿ ಬಂದವು. ಸಾಕಿದವರೇ ಕಡಿದು ಕಳಿಸಿದ್ದರು. ಪತ್ರಕ್ಕೆ ತಲೆಬಾಗುವ ಹಿರಿಯರನ್ನು ತಯಾರು ಮಾಡಿದ ಮನೆಗೆ ಅಂಥ ಹಿರಿಯರಿಂದಲೇ ಕೊನೆ ಬಂತು. ನ್ಯಾಯ ತೀರಿಸಿದೆ ಎಂದುಕೊಂಡ ಯೇಹುವಿಗಾದರೂ ಹೊಗಳಿಕೆ ಉಳಿಯಿತೇ? ಇಲ್ಲ. ಇಜ್ರೇಲಿನಲ್ಲಿ ಹರಿದ ರಕ್ತಕ್ಕೆ ಯೇಹುವಿನ ಮನೆತನ ಲೆಕ್ಕ ಕೊಡಬೇಕೆಂದು ಪ್ರವಾದಿ ಹೋಶೇಯ ಮುಂದೆ ನುಡಿದ. ಅಶ್ಶೂರದ ಕಪ್ಪು ಸ್ತಂಭದ ಮೇಲೆ ಯೇಹುವಿನ ಹೆಸರಿನಲ್ಲಿ ನೆಲಕ್ಕೆ ಹಣೆ ಹಚ್ಚಿ ಕಪ್ಪ ಕೊಡುವ ಚಿತ್ರವೊಂದು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಈ ಕಥೆಗಳನ್ನು ಚಿಕ್ಕಮಗಳೂರು ಗುಡ್ಡಗಳಲ್ಲಿ ಯಾರು ಕೇಳುತ್ತಾರೆ ಎಂಬುದೂ ಮುಖ್ಯ. ಇಲ್ಲಿನ ಕ್ರೈಸ್ತರ ಬದುಕು ತೋಟದ ಜೊತೆಗೇ ಬೆಳೆದದ್ದು. 19ನೇ ಶತಮಾನದಲ್ಲಿ ಬಿಳಿಯ ಪ್ಲಾಂಟರ್‌ಗಳು ಕಾಡಿಗೆ ನುಗ್ಗಿ ತೋಟ ಎಬ್ಬಿಸಿದ ಮೇಲೆ ಮಂಗಳೂರು ಕಡೆಯ ಕೊಂಕಣಿ ಕಥೋಲಿಕರು ಘಟ್ಟ ಹತ್ತಿದರು, ತಮಿಳು ಸೀಮೆಯಿಂದ ಕೂಲಿಯವರು ಬಂದರು, ಸ್ಥಳೀಯರಲ್ಲೂ ಕೆಲವರು ಸೇರಿದರು. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಯಿತು. ಮೊದಲ ಬಿಷಪ್ ಆಲ್ಫೋನ್ಸಸ್ ಮಥಾಯಸ್ ಮುಂದೆ ಬೆಂಗಳೂರಿನ ಆರ್ಚ್‌ಬಿಷಪ್ ಆದರು. (ಹೊರಗಿನ ಕನ್ನಡ ಓದುಗರಿಗೆ ಮೂಡಿಗೆರೆಯ ಕ್ರೈಸ್ತ ಹೆಸರೆಂದರೆ ತೇಜಸ್ವಿಯವರ ಕಾದಂಬರಿಯ ಕರ್ವಾಲೊ ಒಂದೇ ಗೊತ್ತಿರುವುದು, ಆತ ಪೂಜೆಗೆ ಹೋಗುತ್ತಿದ್ದನೋ ಇಲ್ಲವೋ ಎಂದು ಯಾರೂ ಕೇಳಿದ್ದಿಲ್ಲ.) ಭಾನುವಾರ ಒಂದೇ ಸೂರಿನಡಿ ತೋಟದ ಮಾಲೀಕರು, ಮ್ಯಾನೇಜರು, ರೈಟರು, ಮೇಸ್ತ್ರಿ, ಡ್ರೈವರು, ಟೀಚರು, ಲೈನ್ ಮನೆಯ ಆಳುಗಳು ಕೂರುತ್ತಾರೆ. ನಡುವೆ ಇರುವವರೇ ಹೆಚ್ಚು. ಮೇಲಿನಿಂದ ಬಂದ ಮಾತನ್ನು ಕೆಳಗೆ ದಾಟಿಸುವುದು ಅವರ ದಿನನಿತ್ಯದ ಉದ್ಯೋಗ.

ದಾಟುತ್ತ ದಾಟುತ್ತ ಮಾತು ಯಾರದ್ದೂ ಅಲ್ಲದ್ದಾಗುತ್ತದೆ. ಸಾಹುಕಾರರು ಹೇಳಿದರು ಎಂದು ಮ್ಯಾನೇಜರು, ಆಫೀಸಿನಿಂದ ಹೇಳಿದರು ಎಂದು ರೈಟರು, ರೈಟರು ಹೇಳಿದರು ಎಂದು ಮೇಸ್ತ್ರಿ. ಕೊನೆಗೆ ಲೈನ್ ಖಾಲಿ ಮಾಡಬೇಕಾದ ಮುದುಕಿಯ ಮುಂದೆ ನಿಂತವನ ಕೈಯಲ್ಲಿ ಯಾರ ಮುದ್ರೆಯೂ ಇಲ್ಲದ ಆಜ್ಞೆ ಇರುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು, ಸರಿ. ಆದರೆ ಮನೆ ಕೆಲಸಕ್ಕೆ ಅಂಟಿಕೊಂಡದ್ದು, ಕೆಲಸ ಮುಗಿದರೆ ಮನೆಯೂ ಮುಗಿಯಿತು. ಉಳುವವನೇ ಹೊಲದೊಡೆಯ ಎಂದ 1974ರ ಭೂಸುಧಾರಣೆ ಬಯಲಿನ ಎಷ್ಟೋ ಗೇಣಿದಾರರ ಕೈಗೆ ಪಹಣಿ ಕೊಟ್ಟಿತು. ಕಾಫಿ, ಏಲಕ್ಕಿ, ಮೆಣಸಿನಂಥ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇದ್ದುದರಿಂದ ಲೈನ್ ಮನೆಗಳ ತನಕ ಆ ಗಾಳಿ ಅಷ್ಟಾಗಿ ಬರಲಿಲ್ಲ. ಮೂರು ತಲೆಮಾರು ಒಂದೇ ತೋಟದಲ್ಲಿ ದುಡಿದು, ಹೂಳಲು ಬಿಟ್ಟರೆ ಬೇರೆ ಯಾವುದಕ್ಕೂ ಸ್ವಂತ ನೆಲ ಇಲ್ಲದವರು ಇಲ್ಲಿದ್ದಾರೆ. ಪಕ್ಕದಲ್ಲೇ ಒತ್ತುವರಿಯ ಮಾತು: ಗೋಮಾಳ, ಕಂದಾಯ ಭೂಮಿ, ಅರಣ್ಯದ ಅಂಚು. ಅದರಲ್ಲಿ ಹೊಟ್ಟೆಗಾಗಿ ಅರ್ಧ ಎಕರೆ ಹಿಡಿದವರೂ ಇದ್ದಾರೆ, ದೊಡ್ಡ ತೋಟವನ್ನು ಇನ್ನೂ ದೊಡ್ಡದು ಮಾಡಿಕೊಂಡವರೂ ಇದ್ದಾರೆ. ತೆರವಿನ ಸುದ್ದಿ ಬಂದಾಗ ಇಬ್ಬರೂ ಒಂದೇ ದನಿಯಲ್ಲಿ ರೈತರು ಎಂದು ಕೂಗುವುದನ್ನು ಕೇಳಿದರೆ ಅಹಾಬನೂ ತಾನು ತರಕಾರಿ ಬೆಳೆಯುವವನು ಎಂದಾನು. ಎರಡು ಸಾಕ್ಷಿ ಎಂಬುದೂ ಇಲ್ಲಿ ಹಳೆಯ ಕಾಲದ ಮಾತಲ್ಲ. ಮಹಜರು ಎಂದ ಮೇಲೆ ಪಂಚರ ಸಹಿ ಬೇಕು. ಸಹಿ ಹಾಕುವವರು ಊರಿನವರೇ, ಗಡಿಕಲ್ಲು ನಿನ್ನೆಯವರೆಗೆ ಎಲ್ಲಿತ್ತು ಎಂದು ಬಲ್ಲವರೇ.

ಕಥೋಲಿಕ ಚರ್ಚಿನ ವಾಚನ ಪಟ್ಟಿಯಲ್ಲಿ ಸಮ ಸಂಖ್ಯೆಯ ವರ್ಷಗಳಲ್ಲಿ ವಾರದ ದಿನಗಳ ಪೂಜೆಗೆ ಸಮುವೇಲ, ಅರಸುಗಳು ಭಾಗಗಳು ಬರುತ್ತವೆ. ನಾಬೋತನ ಕಥೆ ಬೀಳುವುದು ಸಾಧಾರಣ ಕಾಲದ 11ನೇ ವಾರದ ಸೋಮವಾರ. ಅಂದರೆ ಜೂನ್ ಮಧ್ಯ. ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿದುಕೊಳ್ಳುವ ಹೊತ್ತು, ಬೆಳಗಿನ ಪೂಜೆಗೆ ಹತ್ತು ಜನ ಬಂದರೆ ಹೆಚ್ಚು. ಅದೇ ದಿನದ ಶುಭಸಂದೇಶ ಯಾವುದು ಗೊತ್ತೇ? ಬಲಗೆನ್ನೆಗೆ ಹೊಡೆದವನಿಗೆ ಎಡಗೆನ್ನೆಯನ್ನೂ ತಿರುಗಿಸು, ಅಂಗಿ ಕೇಳಿದವನಿಗೆ ಮೇಲಂಗಿಯನ್ನೂ ಬಿಡು ಎಂದು ಯೇಸು ಬೋಧಿಸುವ ಮತ್ತಾಯನ ಭಾಗ. ಮೊದಲ ವಾಚನದಲ್ಲಿ ನೆಲ ಬಿಡದವನ ಪರ ದೇವರು ನಿಂತ. ಶುಭಸಂದೇಶದಲ್ಲಿ ಬಿಟ್ಟುಕೊಡು ಎಂದ. ಇವೆರಡನ್ನೂ ಐದು ನಿಮಿಷದ ಪ್ರಸಂಗದಲ್ಲಿ ಹೊಂದಿಸುವುದು ಯಾವ ಗುರುಗಳಿಗೂ ಸುಲಭವಲ್ಲ. ಈ ಜೋಡಣೆ ಉದ್ದೇಶಪೂರ್ವಕವಲ್ಲ, ಎರಡು ಬೇರೆ ಬೇರೆ ಸರಣಿಗಳು ಒಂದು ದಿನ ಅಕ್ಕಪಕ್ಕ ಬಂದವು ಅಷ್ಟೆ. ಆದರೆ ಅಕ್ಕಪಕ್ಕ ಬಂದದ್ದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ತಿರುಗಿಸಲು ಯೇಸು ಹೇಳಿದ್ದು ನನ್ನ ಕೆನ್ನೆಯನ್ನು. ಇಜ್ರೇಲಿನ ಹಿರಿಯರು ತಿರುಗಿಸಿದ್ದು ನಾಬೋತನ ಕೆನ್ನೆಯನ್ನು. ಶಾಂತಿ, ಸಹನೆ, ಹೊಂದಾಣಿಕೆ ಎಂದು ಬಡವನಿಗೆ ಬುದ್ಧಿ ಹೇಳುವಾಗ ನಾವು ಸಾಮಾನ್ಯವಾಗಿ ಎರಡನೆಯದನ್ನೇ ಮಾಡುತ್ತಿರುತ್ತೇವೆ.

ಹಾಗಾದರೆ ಪತ್ರ ಬಂದಾಗ ಆಗುವುದಿಲ್ಲ ಎಂದವರು ಆ ಕಥೆಗಳಲ್ಲಿ ಇಲ್ಲವೇ ಇಲ್ಲವೇ? ಇದ್ದಾರೆ, ಆದರೆ ಮೂಲೆಯಲ್ಲಿ. ದಾವೀದನಿಗೆ ರೊಟ್ಟಿ ಕೊಟ್ಟರೆಂದು ನೋಬಿನ ಯಾಜಕರನ್ನು ಕೊಲ್ಲಲು ಸೌಲ ಆಜ್ಞೆ ಮಾಡಿದಾಗ ಅವನ ಸಿಪಾಯಿಗಳು ಕೈ ಎತ್ತಲಿಲ್ಲ. ಸೌಲ ಬೇರೊಬ್ಬನಿಗೆ ಹೇಳಿದ, ಎಂಬತ್ತೈದು ಯಾಜಕರು ಸತ್ತರು. ಸಿಪಾಯಿಗಳ ನಿರಾಕರಣೆಯಿಂದ ಒಬ್ಬರೂ ಉಳಿಯಲಿಲ್ಲ. ಆದರೂ ಬರೆದವನು ಅದನ್ನು ಬಿಡಲಿಲ್ಲ. ಪ್ರವಾದಿ ಯೆರೆಮೀಯನ ಗ್ರಂಥದ ಸುರುಳಿಯನ್ನು ಅರಸ ಯೆಹೋಯಾಕೀಮ ಚಾಕುವಿನಿಂದ ಕೊಯ್ದು ಕೊಯ್ದು ಅಗ್ಗಿಷ್ಟಿಕೆಗೆ ಹಾಕುತ್ತಿದ್ದಾಗ ಮೂವರು ಅಧಿಕಾರಿಗಳು ಬೇಡ ಎಂದರು. ಅರಸ ಕೇಳಲಿಲ್ಲ. ಎಲ್ನಾಥಾನ, ದೆಲಾಯ, ಗೆಮರ್ಯ ಎಂಬ ಆ ಮೂವರ ಹೆಸರು ಮಾತ್ರ ಉಳಿದಿದೆ. ಅರಮನೆಯಲ್ಲಿ ಕೆಲಸಕ್ಕಿದ್ದ ಕೂಷ್ ದೇಶದ ಎಬೆದ್ಮೆಲೆಕ ಎಂಬವನು ಕೆಸರಿನ ಬಾವಿಯಲ್ಲಿದ್ದ ಯೆರೆಮೀಯನಿಗೆ ಹಗ್ಗ ಇಳಿಸುವಾಗ ಕಂಕುಳಿಗೆ ನೋಯದಿರಲೆಂದು ಹಳೆ ಬಟ್ಟೆಯನ್ನೂ ಇಳಿಸಿದ. ಇವರಲ್ಲಿ ಯಾರೂ ಕಥಾನಾಯಕರಲ್ಲ. ಭಾನುವಾರ ಶಾಲೆಯ ಮಕ್ಕಳು ಗೋಲಿಯಾತನ ಪಾತ್ರಕ್ಕೆ ಜಗಳವಾಡುತ್ತಾರೆ. ಎಬೆದ್ಮೆಲೆಕನ ಪಾತ್ರವನ್ನು ಯಾರೂ ಕೇಳುವುದಿಲ್ಲ, ಹಾಗೆ ಒಬ್ಬನಿದ್ದಾನೆಂದು ಹೇಳಿದವರೂ ಕಡಿಮೆ.

ಅರಸರಲ್ಲೇ ಒಬ್ಬ ಪತ್ರವನ್ನು ಸರಿಯಾಗಿ ಹಿಡಿದದ್ದುಂಟು. ಅಶ್ಶೂರದ ಅರಸ ಸನ್ಹೇರೀಬ ಯೆರೂಸಲೇಮನ್ನು ಮುತ್ತಿ ಬೆದರಿಕೆಯ ಪತ್ರ ಕಳಿಸಿದಾಗ ಹಿಜ್ಕೀಯ ಅದನ್ನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಬಿಚ್ಚಿ ಹರಡಿದ. ತನಗೇ ಬಂದ ಬೆದರಿಕೆಯನ್ನು ಇನ್ನೊಬ್ಬರ ಕುತ್ತಿಗೆಗೆ ದಾಟಿಸದೆ ಅಲ್ಲೇ ನಿಲ್ಲಿಸಿದ್ದು ದೊಡ್ಡದು. ಆದರೆ ಅರಸುಗಳ ಗ್ರಂಥಕ್ಕೆ ಯಾರನ್ನೂ ಪೂರ್ತಿ ಮೆಚ್ಚಿ ಬಿಡುವ ಅಭ್ಯಾಸವಿಲ್ಲ. ಇದೇ ಹಿಜ್ಕೀಯ ಬಾಬಿಲೋನಿಯದ ದೂತರಿಗೆ ಬೊಕ್ಕಸವನ್ನೆಲ್ಲ ತೋರಿಸಿದ. ಇದೆಲ್ಲ ಒಂದು ದಿನ ಅವರ ಪಾಲಾಗುತ್ತದೆ, ನಿನ್ನ ಸಂತತಿಯವರೂ ಸೆರೆ ಹೋಗುತ್ತಾರೆ ಎಂದು ಪ್ರವಾದಿ ಯೆಶಾಯ ನುಡಿದಾಗ, ತನ್ನ ಕಾಲದಲ್ಲಂತೂ ತೊಂದರೆಯಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸದ ಗುಡ್ಡಗಳು ಜರಿದು ತೋಟ, ಮನೆ ಕೊಚ್ಚಿಹೋದದ್ದನ್ನು ಕಂಡ ಸೀಮೆಯಲ್ಲಿ ಈ ಮಾತಿಗೆ ವ್ಯಾಖ್ಯಾನ ಬೇಡ.

ಡಿಸೆಂಬರ್ ಬಂದರೆ ಇಲ್ಲಿ ಅರೇಬಿಕಾ ಕೊಯ್ಲು. ಕಣದಲ್ಲಿ ಹಣ್ಣು, ಮನೆಯಲ್ಲಿ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಯಾರಿ. ಅದೇ ತಿಂಗಳ 17ರಂದು ಚರ್ಚಿನಲ್ಲಿ ಮತ್ತಾಯ ಬರೆದ ಯೇಸುವಿನ ವಂಶಾವಳಿ ಓದುತ್ತಾರೆ. ಬರೀ ಹೆಸರುಗಳ ಪಟ್ಟಿಯೆಂದು ಜನ ಆ ಹೊತ್ತಿಗೆ ಆಕಳಿಸುವುದುಂಟು. ದಾವೀದನಿಂದ ಸೆರೆವಾಸದವರೆಗಿನ ಯೆಹೂದದ ಅರಸರು ಅದರಲ್ಲಿ ಸಾಲಾಗಿ ಬರುತ್ತಾರೆ, ಆದರೆ ಎಲ್ಲರೂ ಅಲ್ಲ. ಯೋರಾಮನಾದ ಮೇಲೆ ನೇರವಾಗಿ ಉಜ್ಜೀಯ. ನಡುವಿನ ಅಹಜ್ಯ, ಯೋವಾಷ, ಅಮಚ್ಯ ಮೂವರೂ ಇಲ್ಲ. ಈ ಯೋರಾಮ ಯೇಹು ಕೊಂದವನಲ್ಲ, ಅದೇ ಹೆಸರಿನ ಯೆಹೂದದ ಅರಸ. ಅವನ ಹೆಂಡತಿ ಅತಲ್ಯ ಅಹಾಬನ ಮಗಳು. ಬಿಟ್ಟುಹೋದ ಮೂವರು ಅವಳ ಮಗ, ಮೊಮ್ಮಗ, ಮರಿಮಗ. ನಾಬೋತನ ರಕ್ತದ ಲೆಕ್ಕ ಇಲ್ಲಿಯವರೆಗೂ ಬಂತೆಂದು ಹೇಳುವ ವ್ಯಾಖ್ಯಾನಕಾರರಿದ್ದಾರೆ. ಹದಿನಾಲ್ಕು ಹದಿನಾಲ್ಕು ತಲೆಮಾರಿನ ಗಣಿತ ಕೂಡಿಸಲು ಬಿಟ್ಟದ್ದು ಎನ್ನುವವರೂ ಇದ್ದಾರೆ. ಏನೇ ಇರಲಿ, ಅವರ ನಂತರದ ಉಜ್ಜೀಯ ಪಟ್ಟಿಯಲ್ಲಿದ್ದಾನೆ. ಬೆಟ್ಟಗಳಲ್ಲಿ ದ್ರಾಕ್ಷಿತೋಟ ಮಾಡಿಸಿದ, ನೀರಿನ ತೊಟ್ಟಿ ತೋಡಿಸಿದ, ಮಣ್ಣೆಂದರೆ ಪ್ರಾಣ ಬಿಡುತ್ತಿದ್ದ ಅರಸ ಅವನು. ಅಹಾಬನ ವಂಶದ ರಕ್ತವೇ ಅವನಲ್ಲೂ ಹರಿಯುತ್ತಿತ್ತು. ಹಾಗೇ ಪಟ್ಟಿಯ ಇನ್ನೊಂದು ಕಡೆ ಮತ್ತಾಯ ಬತ್ಷೆಬೆಯ ಹೆಸರು ಹೇಳುವುದಿಲ್ಲ, ಊರೀಯನ ಹೆಂಡತಿ ಎಂದಷ್ಟೇ ಬರೆಯುತ್ತಾನೆ. ಮೂವರು ಅರಸರಿಗೆ ಜಾಗ ಸಿಗದ ವಂಶಾವಳಿಯಲ್ಲಿ, ವಂಶಕ್ಕೇ ಸೇರದ ಆ ಹಿತ್ತೀಯ ಸಿಪಾಯಿಗೆ, ತನ್ನ ಸಾವಿನ ಪತ್ರವನ್ನು ತಾನೇ ಒಯ್ದವನಿಗೆ, ಜಾಗ ಸಿಕ್ಕಿದೆ.